ಮಗಳಿಗೊಂದು ಪತ್ರ: ಹಿತ್ತಲ ಕೋಳಿಗಳ ಖರ್ಚು-ವೆಚ್ಚ

ಚಿ. ಸೌ. ಸುಮಳಿಗೆ ಅಮ್ಮನ ಆಶೀರ್ವಾದಗಳು.

ತಿಪಟೂರಿನ ಮನೆಯ ಹಿತ್ತಲಿನಲ್ಲಿ ಕೋಳಿ ಸಾಕಬೇಕೆಂದಿರುವೆನೆಂದೂ, ಮೇವಿನ ಖರ್ಚು ಮೊಟ್ಟೆಯ ಬೆಲೆಯನ್ನು ಮೀರಿದರೆ ಏನು ಮಾಡುವುದೆಂದು ಅಳಿಯಂದಿರು ಕೇಳುತ್ತಿರುವರೆಂದೂ ನೀನು ಬರೆದಿದ್ದೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಮೊಟ್ಟೆಯಿಡುವ ಕೋಳಿಯನ್ನು ಕೂಡಿಹಾಕಿ ಸಾಕಿದರೆ ಅದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕಾಗುತ್ತದೆ; ಹತ್ತು ಕೋಳಿಗಳಿಗೆ ತಿಂಗಳಿಗೆ 30 ಕಿಲೋಗ್ರಾಮಿಗೂ ಮಿಕ್ಕಿ. ಅಷ್ಟನ್ನೂ ಅಂಗಡಿಯಿಂದ ತಂದು, ವರ್ಷಕ್ಕೆ ಅರವತ್ತೋ ಎಪ್ಪತ್ತೋ ಮೊಟ್ಟೆಯಿಡುವ ನಾಟಿ ಕೋಳಿಗೆ ಹಾಕಿದರೆ ಲೆಕ್ಕ ಖಂಡಿತ ಕೂಡುವುದಿಲ್ಲ. ಹಾಗಾಗಿ ದೊಡ್ಡ ಕೋಳಿಗಳ ವಿಷಯದಲ್ಲಿ ಕೈ ಬಿಗಿಹಿಡಿ, ಆದರೆ ಮರಿಗಳ ಮೊದಲ ಆರು ವಾರಗಳಲ್ಲಿ ಜಿಪುಣತನ ಮಾಡಬೇಡ.

ಮೊದಲು ಎರಡು ನಾಟಿ ಹೇಂಟೆ, ಒಂದು ಹುಂಜ ಸಾಕು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ಕೋಳಿ ನಾಟಿಗಿಂತ ಬೇಗ ಬೆಳೆಯುತ್ತದೆ, ಮೊಟ್ಟೆಯನ್ನೂ ಹೆಚ್ಚು ಇಡುತ್ತದೆ ಎಂಬುದು ನಿಜವೇ. ಆದರೆ ಅದು ಕಾವಿಗೆ ಕೂರುವುದಿಲ್ಲ. ಪ್ರತಿ ಸಲವೂ ಮರಿಯನ್ನು ಹಣ ಕೊಟ್ಟೇ ತರಬೇಕು. ನಾಟಿ ಹೇಂಟೆಯಾದರೆ ಹತ್ತು-ಹನ್ನೆರಡು ಮೊಟ್ಟೆಯ ಮೇಲೆ 21 ದಿನ ಕೂತು, ತಾನೇ ಮರಿ ಮಾಡಿ, ತಾನೇ ಕೆರೆದು ತಿನ್ನಲು ಕಲಿಸುತ್ತದೆ. ಬಲ್ಬು, ಕರೆಂಟು ಯಾವುದೂ ಬೇಕಾಗುವುದಿಲ್ಲ.

ಮರಿಗಳಿಗೆ ಮಾತ್ರ ಅಂಗಡಿಯ ಮರಿ ಆಹಾರವನ್ನೇ ಕೊಡು. ಬರೀ ಅಕ್ಕಿ ನುಚ್ಚು ತಿಂದ ಮರಿಯ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಬೆಳೆಯುವುದಿಲ್ಲ. ಅದಕ್ಕೆ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಇರುವ ಆಹಾರ ಬೇಕು. ಮೊಟ್ಟೆಕೋಳಿಯ ಆಹಾರ ಮಿಕ್ಕಿದೆಯೆಂದು ಅದನ್ನು ಮರಿಗಳಿಗೆ ಸುರಿಯಬೇಡ, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಇದರ ಜೊತೆಗೆ ಕಾಸು ಖರ್ಚಿಲ್ಲದ ಗೆದ್ದಲೂ ಇದೆ. ಹಳೆಯ ಮಡಕೆಯೊಂದರಲ್ಲಿ ಒಣ ಸಗಣಿ, ಹುಲ್ಲು, ಗೋಣಿಚೀಲದ ಚೂರು ತುಂಬಿ, ನೀರು ಚಿಮುಕಿಸಿ, ತೆಂಗಿನ ಮರದ ಬುಡದಲ್ಲಿ ಗೆದ್ದಲು ಎದ್ದಿರುವ ಕಡೆ ಸಂಜೆ ಬೋರಲು ಹಾಕಿಡು. ಬೆಳಿಗ್ಗೆ ಎತ್ತಿದರೆ ಹುಲ್ಲಿನ ಎಳೆಎಳೆಗೂ ಬಿಳಿ ಹುಳು ಮೆತ್ತಿಕೊಂಡಿರುತ್ತದೆ. ಮರಿಗಳ ಮುಂದೆ ಕೊಡವಿದರೆ ನೀನು ಮಡಕೆ ಎತ್ತಿಡುವಷ್ಟರಲ್ಲಿ ನೆಲ ಖಾಲಿಯಾಗಿರುತ್ತದೆ.

ದೊಡ್ಡ ಕೋಳಿಗಳು ಹಗಲೆಲ್ಲ ಹಿತ್ತಲಲ್ಲಿ ಮೇಯಲಿ. ಸಂಜೆ ಗೂಡಿಗೆ ಸೇರಿಸುವಾಗ ಒಂದೆರಡರ ಕತ್ತಿನ ಬುಡದ ಕಾಳುಚೀಲವನ್ನು ಬೆರಳಿನಿಂದ ಒತ್ತಿ ನೋಡು. ಉಬ್ಬಿ ಗಟ್ಟಿಯಾಗಿದ್ದರೆ ಆ ದಿನ ಒಂದು ಹಿಡಿ ಕಾಳು ಸಾಕು, ಸೊರಗಿದ್ದರೆ ಹೆಚ್ಚು ಹಾಕು. ಸಂಜೆಯ ಆ ಕಾಳಿಗೆ ರಾಗಿ ಮತ್ತು ಜೋಳದ ನುಚ್ಚು ಆರು ಪಾಲು, ತೌಡು ಎರಡು ಪಾಲು, ಕಡಲೆಕಾಯಿ ಹಿಂಡಿ ಎರಡು ಪಾಲು ಬೆರೆಸಿಡಬಹುದು. ನಿಮ್ಮ ಊರಿನಲ್ಲಿ ಕೊಬ್ಬರಿ ಹಿಂಡಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ನೆಚ್ಚಬೇಡ, ಅದರಲ್ಲಿ ನಾರು ಹೆಚ್ಚು. ಯಾವ ಹಿಂಡಿಯೇ ಆಗಲಿ, ಬೂಷ್ಟು ಹಿಡಿದದ್ದನ್ನು ಅಗ್ಗಕ್ಕೆ ಕೊಟ್ಟರೂ ತರಬೇಡ. ಆ ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ. ಸುಣ್ಣದಂಶಕ್ಕಾಗಿ ಅಡುಗೆಮನೆಯ ಮೊಟ್ಟೆಯ ಚಿಪ್ಪನ್ನು ಹುರಿದು, ಗುರುತು ಸಿಗದಷ್ಟು ಪುಡಿಮಾಡಿ ಬೇರೆ ತಟ್ಟೆಯಲ್ಲಿ ಇಡು. ಚಿಪ್ಪನ್ನು ಇಡಿಯಾಗಿ ಎಸೆದರೆ ತಮ್ಮ ಮೊಟ್ಟೆಯನ್ನೇ ಕುಕ್ಕಿ ತಿನ್ನುವ ಚಟ ಹತ್ತಬಹುದು. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಪುಟ್ಟ ಜರಿಗಿಡವನ್ನು ಬೆಳೆಸೆಂದು ಎಲ್ಲರೂ ಹೇಳುತ್ತಾರೆ. ಬೆಳೆಸು, ಆದರೆ ಹಸಿ ಅಜೋಲಾದಲ್ಲಿ ಬಹುಪಾಲು ನೀರೇ ಇರುವುದರಿಂದ ಅದನ್ನು ಸೊಪ್ಪೆಂದು ಎಣಿಸಬೇಕೇ ಹೊರತು ಕಾಳಿನ ಬದಲಿಯೆಂದಲ್ಲ.

ಇಷ್ಟೆಲ್ಲ ಉಳಿಸಿದ್ದು ಕೊಕ್ಕರೆ ರೋಗ (ರಾಣಿಖೇತ್ ಎನ್ನುವ ಅಂಟುರೋಗ) ಬಂದರೆ ಒಂದೇ ವಾರದಲ್ಲಿ ಹೋಗುತ್ತದೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಲಸೋಟಾ ಲಸಿಕೆಯ ಹನಿ, ಎಂಟನೆಯ ವಾರ ರೆಕ್ಕೆಯ ಕೆಳಗೆ ಚುಚ್ಚುವ ಲಸಿಕೆ, ಇವೆರಡನ್ನು ತಪ್ಪಿಸಬೇಡ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರಾರು ಕೋಳಿಗಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಲೇಬೇಕು. ಆದ್ದರಿಂದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಬೀದಿಯವರನ್ನೆಲ್ಲ ಒಂದೇ ದಿನಕ್ಕೆ ಒಪ್ಪಿಸಿ, ಐಸಿನಲ್ಲಿಟ್ಟು ತಂದರೆ ಖರ್ಚು ಹಂಚಿಹೋಗುತ್ತದೆ, ಪಕ್ಕದ ಮನೆಯ ಕೋಳಿಯಿಂದ ನಿನ್ನದಕ್ಕೆ ರೋಗ ಅಂಟುವ ಭಯವೂ ತಗ್ಗುತ್ತದೆ. ರಾತ್ರಿ ಗೂಡಿನ ಬಾಗಿಲನ್ನು ನೀನೇ ನೋಡಿ ಹಾಕು; ಕಾಡುಬೆಕ್ಕಿಗೆ ಸಡಿಲವಾದ ಒಂದು ಹಲಗೆ ಸಾಕು.

ಹುಟ್ಟಿದ ಹುಂಜಗಳನ್ನೆಲ್ಲ ಇಟ್ಟುಕೊಳ್ಳಬೇಡ. ಮೊಟ್ಟೆಯಿಡದೆ ಕಾಳು ತಿನ್ನುವ ಅವುಗಳನ್ನು ಯುಗಾದಿಯ ಮಾರನೆಯ ದಿನ ಮಾಂಸದೂಟ ಮಾಡುವ ಹೊಸತೊಡಕಿಗೆ ಒಂದು ವಾರ ಮುಂಚೆಯೇ ಮಾರಿಬಿಡು. ನಾಟಿ ಹುಂಜಕ್ಕೆ ಆಗ ಜನ ಚೌಕಾಸಿ ಮಾಡುವುದು ಕಡಿಮೆ. ಬಂದ ಹಣದಲ್ಲಿ ಮುಂದಿನ ಮರಿಗಳ ಆಹಾರವನ್ನು ಮೊದಲು ತಂದಿಟ್ಟುಕೋ.

ಇಂತಿ,
ನಿನ್ನ ಅಮ್ಮ