ತೂಕ ತಿಳಿಯದೆ ಗಾಡಿಯ ಅಚ್ಚು ಕೊಳ್ಳಬೇಡಿ

ಮಾನ್ಯ ಸಂಪಾದಕರಿಗೆ,

ಅಮೆರಿಕದಲ್ಲಿ ಜನರು ಮನೆಯ ಅಂಗಳದಲ್ಲೇ ಕಟ್ಟಿಕೊಂಡು ಕಾರಿನ ಹಿಂದೆ ಎಳೆದೊಯ್ಯುವ, ಕಣ್ಣೀರ ಹನಿಯ ಆಕಾರದ, ಒಳಗೆ ಮಲಗಬಹುದಾದ ಟಿಯರ್‌ಡ್ರಾಪ್ ಕ್ಯಾಂಪರ್ ಟ್ರೇಲರ್‌ಗಳ ಕುರಿತು ತಮ್ಮ ಪತ್ರಿಕೆಯ ಕಳೆದ ವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಪ್ಲೈವುಡ್ ಗೋಡೆಯ ಬಾಗು, ಅಲ್ಯೂಮಿನಿಯಂ ಹೊದಿಕೆ, ಹಿಂಬದಿಯ ಮುಚ್ಚಳ ಎತ್ತಿದರೆ ಕಾಣುವ ಅಡುಗೆಕಟ್ಟೆ, ಇವನ್ನೆಲ್ಲ ಲೇಖಕರು ಚೆನ್ನಾಗಿ ವರ್ಣಿಸಿದ್ದಾರೆ. ಆದರೆ ಇಡೀ ಗಾಡಿಯನ್ನು ಹೊರುವ ಅಚ್ಚಿನ (ಆಕ್ಸಲ್) ವಿಷಯ ಬಂದಾಗ ‘ಗಟ್ಟಿಯಾದ ಯಾವುದಾದರೂ ಅಚ್ಚು ಸಾಕು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಈ ಮಾತು ತಪ್ಪು. ಇದನ್ನು ನಂಬಿ ಯಾರಾದರೂ ಗಾಡಿ ಕಟ್ಟಿ ರಸ್ತೆಗೆ ಇಳಿಸಿದರೆ ಅವರಿಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ. ಅದಕ್ಕಾಗಿ ಈ ಪತ್ರ.

ನಾನು 31 ವರ್ಷ ಬಸ್ ಡಿಪೊ ಒಂದರ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಎರಡು ವರ್ಷಗಳ ಹಿಂದೆ ಓಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿ ಆರು ತಿಂಗಳು ಇದ್ದಾಗ, ಅಳಿಯಂದಿರು ತಮ್ಮ ಗ್ಯಾರೇಜಿನಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ್ದ ಇಂತಹುದೇ ಒಂದು ಟ್ರೇಲರನ್ನು ಅವರ ಜೊತೆಗೂಡಿ ಮುಗಿಸಿದೆ. ಅದರ ಅಚ್ಚನ್ನು ನಾವು ಒಮ್ಮೆ ತಪ್ಪಾಗಿ ಹಾಕಿ, ಬಿಚ್ಚಿ, ಮತ್ತೆ ಸರಿಯಾಗಿ ಹಾಕಿದೆವು. ಹಾಗಾಗಿ ಮುಂದೆ ಬರೆಯುವುದೆಲ್ಲ ಕೈಯಾರೆ ಮಾಡಿ ತಿಳಿದದ್ದು.

ಈ ಗಾಡಿಗಳು 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಮಾಸಿಕ ಇವುಗಳ ನಕ್ಷೆಯನ್ನೇ ಪ್ರಕಟಿಸಿತು. ದೊಡ್ಡ ಗಾಡಿಗೆ ಹಣವೂ ಜಾಗವೂ ಇಲ್ಲದ ಕಾಲದಲ್ಲಿ, ನಾಲ್ಕು ಅಥವಾ ಐದು ಅಡಿ ಅಗಲ, ಎಂಟು ಅಡಿ ಉದ್ದದ ಪೆಟ್ಟಿಗೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರು ಮಲಗಿ, ಹಿಂದಿನ ಮುಚ್ಚಳದ ಕೆಳಗೆ ನಿಂತು ಅಡುಗೆ ಮಾಡಿಕೊಳ್ಳಬಹುದಾದ ಸರಳ ಏರ್ಪಾಡು ಇದು. ಅಳಿಯಂದಿರು ಕಟ್ಟಿದ್ದೂ ಐದು ಅಡಿ ಅಗಲ, ಎಂಟು ಅಡಿ ಉದ್ದದ್ದೇ.

ಅವರು ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ 3500 ಪೌಂಡ್, ಅಂದರೆ ಸುಮಾರು 1590 ಕಿಲೊ ಹೊರುವ ಅಚ್ಚೊಂದನ್ನು ಅದರ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಸಮೇತ ಕಡಿಮೆ ಬೆಲೆಗೆ ತಂದಿಟ್ಟಿದ್ದರು. ಗಾಡಿಯ ತೂಕ ಅದರ ಅರ್ಧವೂ ಆಗುವುದಿಲ್ಲವಲ್ಲ ಎಂದು ನಾನು ಕೇಳಿದಾಗ, ‘ಮಾವ, ದೊಡ್ಡದು ಹಾಕಿದರೆ ನಷ್ಟವೇನು? ಇನ್ನೂ ಗಟ್ಟಿಯಾಗಿರಲಿ ಬಿಡಿ’ ಎಂದರು. ಆಗ ನಾನೂ ಸುಮ್ಮನಾದೆ. ಬಸ್ಸಿನ ಕೆಳಗೆ ಮೂರು ದಶಕ ಮಲಗಿ ಕೆಲಸ ಮಾಡಿದ ನಾನು ಸುಮ್ಮನಾಗಬಾರದಿತ್ತು. ಹೊರೆ ಇದ್ದಾಗಲೇ ಸ್ಪ್ರಿಂಗ್ ಕೆಲಸ ಮಾಡುತ್ತದೆ ಎಂಬುದು ನಮ್ಮ ಊರಿನ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತ ಯಾರಿಗಾದರೂ ಗೊತ್ತು: ಬೆಳಗಿನ ಖಾಲಿ ಬಸ್ಸು ಪ್ರತಿ ಗುಂಡಿಗೂ ನಮ್ಮನ್ನು ಎತ್ತಿ ಹಾಕುತ್ತದೆ, ಅದೇ ಬಸ್ಸು ಸಂತೆಯ ದಿನ ಜನ ತುಂಬಿಕೊಂಡು ಬರುವಾಗ ತೊಟ್ಟಿಲಿನಂತೆ ತೂಗುತ್ತದೆ.

ಮೊದಲ ಪ್ರವಾಸಕ್ಕೆ ಹೋಗಿ ಬಂದದ್ದು ಒಟ್ಟು 120 ಮೈಲಿ. ವಾಪಸು ಬಂದು ಬಾಗಿಲು ತೆಗೆದು ನೋಡಿದರೆ, ಕಪಾಟಿನ ಎರಡು ಬಾಗಿಲು ತೆರೆದುಕೊಂಡು ತಟ್ಟೆ ಲೋಟಗಳು ಹಾಸಿಗೆಯ ಮೇಲೆ ಬಿದ್ದಿದ್ದವು. ಗೋಡೆಯನ್ನು ನೆಲಕ್ಕೆ ಹಿಡಿದಿದ್ದ ಸ್ಕ್ರೂಗಳಲ್ಲಿ ಹನ್ನೊಂದು ಸಡಿಲವಾಗಿದ್ದವು, ಅವುಗಳ ಸುತ್ತ ಪ್ಲೈವುಡ್ಡಿನ ಪುಡಿ ಸಣ್ಣ ಉಂಗುರದಂತೆ ಉದುರಿತ್ತು. ಎಲ್ಲಕ್ಕಿಂತ ಹೆದರಿಕೆಯಾದದ್ದು ಅಡುಗೆ ಒಲೆಯ ಗ್ಯಾಸ್ ಕೊಳವೆಯ ಜೋಡಣೆ ಬೆರಳಿನಲ್ಲೇ ತಿರುಗುವಷ್ಟು ಸಡಿಲವಾಗಿದ್ದುದು. ಸ್ಪ್ರಿಂಗಿನ ಪಟ್ಟಿಗಳು ಬಾಗಲೇ ಇಲ್ಲ. ರಸ್ತೆಯ ಪೆಟ್ಟೆಲ್ಲ ನೇರವಾಗಿ ಮರದ ಪೆಟ್ಟಿಗೆಗೆ ಹೋಗಿತ್ತು. ಅಗತ್ಯಕ್ಕಿಂತ ಗಟ್ಟಿಯಾದ ಅಚ್ಚು ಗಾಡಿಯನ್ನು ಕಾಪಾಡುವುದಿಲ್ಲ, ಅಲುಗಾಡಿಸಿ ಬಿಚ್ಚುತ್ತದೆ ಎಂಬುದೇ ನಾನು ಈ ಪತ್ರದಲ್ಲಿ ಹೇಳಬೇಕಾದ ಮುಖ್ಯ ವಿಷಯ.

ಇನ್ನೊಂದು ತೊಂದರೆ ಹೆದ್ದಾರಿಯಲ್ಲೇ ಕಂಡಿತ್ತು. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸಲು ತೊಡಗುತ್ತಿತ್ತು, ಅಳಿಯಂದಿರು ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೆ ನಿಧಾನವಾಗಿ ಅಡಗುತ್ತಿತ್ತು. ಇದರ ಕಾರಣ ನಮ್ಮ ಎತ್ತಿನ ಗಾಡಿ ಹೂಡುತ್ತಿದ್ದವರಿಗೆ ಪಾಠ ಹೇಳದೆ ಗೊತ್ತಿತ್ತು. ಮೂಟೆಗಳನ್ನು ಮುಂದೆ ಪೇರಿಸಿದರೆ ಮುಂಭಾರವಾಗಿ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದೆ ಪೇರಿಸಿದರೆ ಹಿಂಭಾರವಾಗಿ ನೊಗ ಕಟ್ಟುವ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಹಾಗಾಗಿ ಮೂಕಿಯ ಮೇಲೆ ಸ್ವಲ್ಪವೇ ಭಾರ ಬೀಳುವಂತೆ ಹೇರುತ್ತಿದ್ದರು. ಕಾರಿನ ಹಿಂದಿನ ಟ್ರೇಲರ್‌ಗೂ ಇದೇ ನಿಯಮ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮೂಕಿಯ ಮೇಲೆ, ಅಂದರೆ ಟ್ರೇಲರ್ ಸಿಕ್ಕಿಸುವ ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಬೀಳಬೇಕು. ಅದಕ್ಕಿಂತ ಕಡಿಮೆಯಾದರೆ ಬಾಲ ಬೀಸುತ್ತದೆ, ಬೀಸು ಹೆಚ್ಚಿ ಕಾರನ್ನೇ ತಿರುಗಿಸಿ ಮಗುಚಿದ ಅಪಘಾತಗಳೂ ಆಗುತ್ತವೆ. ಟಿಯರ್‌ಡ್ರಾಪ್ ಗಾಡಿಗೆ ಈ ಅಪಾಯ ಹೆಚ್ಚು, ಏಕೆಂದರೆ ಒಲೆ, ನೀರು, ಮಂಜುಗಡ್ಡೆಯ ಪೆಟ್ಟಿಗೆ, ದಿನಸಿ ಎಲ್ಲವೂ ಹಿಂಬದಿಯ ಅಡುಗೆಕಟ್ಟೆಯಲ್ಲೇ ಸೇರುತ್ತವೆ.

ಆ ಭಾರವನ್ನು ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಮಗಳ ಬಚ್ಚಲುಮನೆಯಲ್ಲಿದ್ದ, ಮೈತೂಕ ನೋಡುವ ಯಂತ್ರವನ್ನು ತಂದೆ. ಒಂದು ಕಡೆ ಅದನ್ನೂ, ಮೂರು ಅಡಿ ದೂರದಲ್ಲಿ ಅಷ್ಟೇ ಎತ್ತರದ ಇಟ್ಟಿಗೆಯನ್ನೂ ಇಟ್ಟು, ಎರಡರ ಮೇಲೂ ಒಂದೊಂದು ಕೊಳವೆಯ ತುಂಡು ಅಡ್ಡಲಾಗಿರಿಸಿ, ಅವುಗಳ ಮೇಲೆ ಹಲಗೆ ಹಾಕಿದೆ. ಇಟ್ಟಿಗೆಯ ಕೊಳವೆಯಿಂದ ಸರಿಯಾಗಿ ಒಂದು ಅಡಿ ದೂರದಲ್ಲಿ, ಗಾಡಿ ನೆಲಕ್ಕೆ ಸಮನಾಗಿ ನಿಲ್ಲುವಂತೆ ಮೂಕಿಯ ತುದಿಯನ್ನು ಹಲಗೆಯ ಮೇಲೆ ಊರಿದೆವು. ಯಂತ್ರ ತೋರಿಸುವ ಅಂಕಿಯನ್ನು ಮೂರರಿಂದ ಗುಣಿಸಿದರೆ ಮೂಕಿಭಾರ ಸಿಗುತ್ತದೆ. ಮುಳ್ಳು 32ರಲ್ಲಿ ನಿಂತಿತು. ಮೂರರಿಂದ ಗುಣಿಸಿದರೆ 96 ಪೌಂಡ್. ಊರಿನ ಜೋಳದ ಗೋದಾಮಿನ ತೂಕದ ಕಟ್ಟೆಯಲ್ಲಿ, ಹಾಸಿಗೆ, ಬ್ಯಾಟರಿ, ನೀರು, ಪಾತ್ರೆ ಎಲ್ಲವನ್ನೂ ತುಂಬಿದ ಟ್ರೇಲರ್ 1430 ಪೌಂಡ್, ಅಂದರೆ ಸುಮಾರು 650 ಕಿಲೊ ತೂಗಿತು. ಮೂಕಿಭಾರ ನೂರಕ್ಕೆ ಏಳರಷ್ಟೂ ಇರಲಿಲ್ಲ.

ಮನೆಯಲ್ಲಿ ಕಟ್ಟುವವರು ಅಚ್ಚನ್ನು ಪೆಟ್ಟಿಗೆಯ ಮುಂಭಾಗದಿಂದ ನೂರಕ್ಕೆ 60ರಷ್ಟು ದೂರದಲ್ಲಿ ಕೂರಿಸುವುದು ರೂಢಿ. ಅಳಿಯಂದಿರೂ ಹಾಗೆಯೇ ಮಾಡಿದ್ದರು. ಆ ಲೆಕ್ಕ ಅಂದಾಜಿನದು, ಅಡುಗೆಕಟ್ಟೆಯ ಭಾರವನ್ನು ಅದು ಅರಿಯದು. ಅಚ್ಚು ಬಿಚ್ಚಿದ ಮೇಲೆ ನಾವು ಪೆಟ್ಟಿಗೆಯನ್ನು ಅಡಿಯ ಚೌಕಟ್ಟಾದ ಚಾಸಿ ಸಮೇತ ನೆಲದ ಮೇಲಿನ ಒಂದು ದಪ್ಪ ಉಕ್ಕಿನ ಕೊಳವೆಯ ಮೇಲೇರಿಸಿ, ಪ್ರವಾಸಕ್ಕೆ ಒಯ್ಯುವ ಎಲ್ಲ ಸಾಮಾನನ್ನೂ ಅದರದರ ಜಾಗದಲ್ಲಿಟ್ಟು, ತಕ್ಕಡಿಯ ದಂಡದಂತೆ ಅದು ಎರಡು ಕಡೆಗೂ ವಾಲದೆ ನಿಲ್ಲುವ ಗೆರೆಯನ್ನು ಹುಡುಕಿ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಮೂಕಿಯ ತುದಿಯಿಂದ ಆ ಗೆರೆ 90 ಇಂಚು ದೂರವಿತ್ತು. ಅಚ್ಚು ಮತ್ತು ಚಕ್ರಗಳ ಸ್ವಂತ ತೂಕ ಸುಮಾರು 200 ಪೌಂಡ್ ನೇರವಾಗಿ ನೆಲಕ್ಕೆ ಹೋಗುತ್ತದೆ, ಮೂಕಿಗೆ ಬರುವುದಿಲ್ಲ. ಅದನ್ನು ಕಳೆದು, ಮೂಕಿಭಾರ ನೂರಕ್ಕೆ ಹನ್ನೆರಡು ಬರುವಂತೆ ಲೆಕ್ಕ ಹಾಕಿದಾಗ, ಅಚ್ಚು ಸೀಮೆಸುಣ್ಣದ ಗೆರೆಗಿಂತ ಹದಿನಾಲ್ಕೂವರೆ ಇಂಚು ಹಿಂದೆ ಇರಬೇಕೆಂದು ಬಂತು, ಅಂದರೆ ಮೊದಲಿಗಿಂತ ಏಳು ಇಂಚು ಹಿಂದೆ. ಹಾಗೆ ಕೂರಿಸಿ ಮತ್ತೆ ಹಲಗೆಯ ಮೇಲೆ ಊರಿದಾಗ ಮುಳ್ಳು 57 ತೋರಿಸಿತು. 171 ಪೌಂಡ್, ಒಟ್ಟು ತೂಕದ ನೂರಕ್ಕೆ ಹನ್ನೆರಡು. ಆ ನಂತರ ಲಾರಿ ಹಾದರೂ ಗಾಡಿ ಬಾಲ ಬೀಸಲಿಲ್ಲ.

ಯಾವ ಬಗೆಯ ಅಚ್ಚು ಎಂಬ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ವಾರ ವಾದ ನಡೆಯಿತು. ಲೀಫ್ ಸ್ಪ್ರಿಂಗ್ ಹಾಕಿದ ನೇರ ಅಚ್ಚು ಅಗ್ಗ, ಸರಳ, ಪಟ್ಟಿ ಮುರಿದರೆ ಯಾವುದೇ ಊರಿನಲ್ಲಿ ಇನ್ನೊಂದು ಸಿಗುತ್ತದೆ ಎಂಬುದು ನನ್ನ ವಾದ. ಅಳಿಯಂದಿರ ಒಲವು ರಬ್ಬರ್ ಟಾರ್ಷನ್ ಅಚ್ಚಿನತ್ತ. ಅದರಲ್ಲಿ ಚೌಕಾಕಾರದ ಕೊಳವೆಯೊಳಗೆ ಇನ್ನೊಂದು ಉಕ್ಕಿನ ಸರಳಿದ್ದು, ಎರಡರ ನಡುವೆ ರಬ್ಬರನ್ನು ಒತ್ತಿ ತುಂಬಿರುತ್ತಾರೆ. ಚಕ್ರ ಮೇಲೆದ್ದಾಗ ಸರಳು ತಿರುಗಿ ರಬ್ಬರು ಅದನ್ನು ತಡೆಯುತ್ತದೆ. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರಕ್ಕೆ ಅದರ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ, ಕೆಳಗೆ ಎಣ್ಣೆ ಕಾಣಬೇಕಾದ ಕೀಲುಗಳೂ ಇಲ್ಲ, ಗಾಡಿಯ ನೆಲವನ್ನೂ ತಗ್ಗಿಸಬಹುದು. ಆದರೆ ಆ ರಬ್ಬರು ಹಳತಾದರೆ ಬದಲಿಸಲಾಗದು, ಇಡೀ ಅಚ್ಚನ್ನೇ ಬದಲಿಸಬೇಕು. ರಬ್ಬರಿರುವ ಕಡೆ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಅದು ಕೆಡುತ್ತದೆ, ಆದ್ದರಿಂದ ಬೋಲ್ಟ್ ಹಾಕಿಯೇ ಕೂರಿಸುವುದು ಕ್ಷೇಮ. ಕೊನೆಗೆ ಒಳ್ಳೆಯ ಡಾಂಬರು ರಸ್ತೆಯ ಆ ನಾಡಿಗೆ ಟಾರ್ಷನ್ ಅಚ್ಚೇ ತಕ್ಕದ್ದೆಂದು ಒಪ್ಪಿದೆ. ನಮ್ಮ ಹಳ್ಳಿದಾರಿಗಳಿಗೆ ಕೇಳಿದರೆ ಈಗಲೂ ತಕ್ಕ ತೂಕದ ಲೀಫ್ ಸ್ಪ್ರಿಂಗ್ ಎಂದೇ ಹೇಳುತ್ತೇನೆ.

ತಯಾರಕರಿಗೆ ಬೇಡಿಕೆ ಕಳುಹಿಸುವಾಗ ನಾವು ಬರೆದದ್ದು ಹೀಗೆ: ಚಕ್ರದ ನಡುವಿನ ಹಬ್ಬು, ಬೇರಿಂಗು ಎಲ್ಲವೂ 3500 ಪೌಂಡಿನ ಅಚ್ಚಿನವೇ ಇರಲಿ, ರಬ್ಬರು ಮಾತ್ರ 2000 ಪೌಂಡಿಗೆ ತಕ್ಕಷ್ಟು ಮೆದುವಾಗಿರಲಿ. ಕೇಳಿದರೆ ಹಾಗೆ ಮಾಡಿಕೊಡುತ್ತಾರೆ, ಕೇಳದಿದ್ದರೆ ಮಾಡುವುದಿಲ್ಲ. ಮೂಕಿಭಾರ ಕಳೆದು ಅಚ್ಚಿನ ಮೇಲೆ ಬೀಳುವುದು 1260 ಪೌಂಡ್, ಅಂದರೆ ಅಚ್ಚಿನ ಶಕ್ತಿಯ ಮೂರರಲ್ಲಿ ಎರಡು ಪಾಲಿನ ಹತ್ತಿರ. ಹೊರೆ ಸ್ವಲ್ಪ ಹೆಚ್ಚಾದರೂ ತಡೆಯುತ್ತದೆ, ರಬ್ಬರೂ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಹೊಸ ಅಚ್ಚು ಹಾಕಿದ ಮೇಲೆ ಚಕ್ರದ ನಟ್ಟುಗಳನ್ನು ಮೊದಲ 10, 25 ಮತ್ತು 50 ಮೈಲಿಗಳಲ್ಲಿ ನಿಲ್ಲಿಸಿ ಮತ್ತೆ ಬಿಗಿ ಮಾಡಿದೆವು. ಅರ್ಧ ಗಂಟೆ ಓಡಿಸಿ ನಿಲ್ಲಿಸಿದಾಗಲೆಲ್ಲ ಹಬ್ಬಿಗೆ ಅಂಗೈ ಮುಟ್ಟಿಸುವುದನ್ನು ಮಗಳಿಗೂ ಕಲಿಸಿದ್ದೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗು ಒಣಗಿದೆ ಅಥವಾ ಅತಿಯಾಗಿ ಬಿಗಿದಿದೆ ಎಂದರ್ಥ. ವರ್ಷಕ್ಕೊಮ್ಮೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಬ್ರೇಕಿನ ನಿಯಮ ಅಲ್ಲಿ ರಾಜ್ಯಕ್ಕೊಂದು ತೆರನಾಗಿದೆ: ಹೆಚ್ಚಿನ ರಾಜ್ಯಗಳು 3000 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ ಮಾಡಿದ್ದರೆ, ಕ್ಯಾಲಿಫೋರ್ನಿಯ 1500 ಪೌಂಡಿಗೇ ಕೇಳುತ್ತದೆ. ಕಾರು ಸಣ್ಣದಿದ್ದರೆ ಕಾನೂನು ಕೇಳದಿದ್ದರೂ ಬ್ರೇಕ್ ಇರುವ ಅಚ್ಚನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಲೇಖನ ಓದಿ ನಮ್ಮ ಕಡೆಯ ಇಬ್ಬರು ಹುಡುಗರು, ಗುಜರಿಗೆ ಬಂದ ಜೀಪಿನ ಹಿಂದಿನ ಅಚ್ಚು ತಂದು ಇಂಥದೇ ಗಾಡಿ ಮಾಡುತ್ತೇವೆಂದು ನನ್ನ ಬಳಿ ಬಂದಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆ ಅಚ್ಚಿನಲ್ಲಿ, ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಭಾರವೆಲ್ಲ ಸ್ಪ್ರಿಂಗಿನ ಕೆಳಗೆ ವ್ಯರ್ಥವಾಗಿ ಕುಣಿಯುತ್ತದೆ, ಅದರ ಸ್ಪ್ರಿಂಗೂ ನಿಮ್ಮ ಹಗುರ ಪೆಟ್ಟಿಗೆಗೆ ಬಾಗುವುದಿಲ್ಲ. ಅದಕ್ಕೂ ಮುಂಚೆ ತಿಳಿಯಬೇಕಾದದ್ದು, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ನೋಂದಣಿ ಇಲ್ಲದೆ ಅದನ್ನು ರಸ್ತೆಗೆ ತರುವಂತಿಲ್ಲ. ಆದ್ದರಿಂದ ಕಬ್ಬಿಣ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ, ಪ್ಲೈವುಡ್ ಹಾಳೆಯಿಂದ ಹಿಡಿದು ನೀರಿನ ಕ್ಯಾನಿನವರೆಗೆ ಪ್ರತಿಯೊಂದನ್ನೂ ತೂಗಿ ಪಟ್ಟಿ ಮಾಡಿ ತನ್ನಿ, ಅಚ್ಚಿನ ಮಾತು ಆಮೇಲೆ ಆಡೋಣ ಎಂದು ಕಳುಹಿಸಿದ್ದೇನೆ. ತಮ್ಮ ಪತ್ರಿಕೆ ಆ ಒಂದು ವಾಕ್ಯವನ್ನು ತಿದ್ದಿ, ಮುಂದಿನ ಪುರವಣಿಯಲ್ಲಿ ಅಚ್ಚಿನ ಆಯ್ಕೆಗೆ ಕಾಲು ಪುಟವನ್ನಾದರೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಮೆಕ್ಯಾನಿಕ್, ರಾಣೆಬೆನ್ನೂರು