ಸಣ್ಣ ಕೊಯ್ತದ ಮಂಡಿ ಆಪರೇಷನ್ನಿಗೂ ಇನ್ಮೇಲೆ 12 ವಿಸಿಟ್

ಎಲ್ರಿಗೂ ನಮಸ್ಕಾರ,

ಮುಂದಿನ ತಿಂಗಳು 1ನೇ ತಾರೀಖಿಂದ ಸಣ್ಣ ಕೊಯ್ತದವ್ರಿಗೆ ನಾವು ಕೊಡ್ತಿದ್ದ ಆರು ಫಿಸಿಯೋಥೆರಪಿ ವಿಸಿಟ್ ಪ್ಯಾಕೇಜ್ ಇರಲ್ಲ. ಮಂಡಿ ಬದಲಾಯಿಸ್ಕೊಂಡ ಎಲ್ರಿಗೂ ಆರು ವಾರದಲ್ಲಿ 12 ಸಲ ಮನೆಗೇ ಬಂದು ವ್ಯಾಯಾಮ ಮಾಡಿಸ್ತೀವಿ, ಒಂದು ವಿಸಿಟಿಗೆ 600 ಇದ್ದದ್ದು 700 ರೂಪಾಯಿ. ಈಗಾಗ್ಲೇ ದುಡ್ಡು ಕಟ್ಟಿದವ್ರಿಗೆ ಹಳೇ ರೇಟೇ.

ಫೋನ್ ಮಾಡಿದವ್ರೆಲ್ಲ ಕೇಳೋದು ಒಂದೇ: "ನಮ್ಮತ್ತೆಗೆ ಹತ್ತು ಇಂಚು ಕೊಯ್ದಿದ್ರು ಆಗ್ಲೂ 12, ನಂಗೆ ನಾಲ್ಕೇ ಇಂಚು ಈಗ್ಲೂ 12, ಇದ್ಯಾವ ನ್ಯಾಯ?" ಕೊಯ್ತ ಸಣ್ಣದಾಯ್ತು ನಿಜ, ಒಳಗಿನ ಕೆಲ್ಸ ಸಣ್ಣದಾಗಲ್ಲ. ಈ ಆಪರೇಷನ್ ಲೇಸರಿಂದೂ ಅಲ್ಲ, ತೂತಿಂದ ದುರ್ಬೀನು ಹಾಕಿ ಮಾಡೋದೂ ಅಲ್ಲ. ದೊಡ್ಡ ಕೊಯ್ತದಲ್ಲಿ ಎಷ್ಟು ಮೂಳೆ ಕತ್ತರಿಸ್ತಾರೋ ಇದ್ರಲ್ಲೂ ಅಷ್ಟೇ, ಕೂರಿಸೋ ಇಂಪ್ಲಾಂಟೂ, ಅಂದ್ರೆ ಕೃತಕ ಮಂಡಿ, ಅಂಥದ್ದೇ. ಬೇರೆಯಾಗೋದು ಒಳಗೆ ಹೋಗೋ ದಾರಿ, ಸಬ್‌ವ್ಯಾಸ್ಟಸ್ ಅಂತಾರಲ್ಲ ಅದ್ರಲ್ಲಿ ತೊಡೆ ಮುಂದಿನ ಸ್ನಾಯು ಸೀಳದೆ ಕೆಳಗಿಂದ ಎತ್ತಿ ಪಕ್ಕಕ್ಕೆ ಸರಿಸ್ತಾರೆ, ಮಂಡಿ ಚಿಪ್ಪನ್ನ ಮಗುಚಿ ಹಾಕಲ್ಲ, ಹಂಗಾಗಿ ಮೊದಲ ವಾರಗಳಲ್ಲಿ ನೋವು ಕಮ್ಮಿ ಇರತ್ತೆ, ಕಾಲು ಬೇಗ ಎತ್ತೋಕಾಗತ್ತೆ, ಅದನ್ನ ನಾವೇ ಕಣ್ಣಾರೆ ನೋಡಿದೀವಿ. ಆದ್ರೆ ಒಳಗಿನ ಗಾಯ ಮಾಯ್ತಾ ಬಿಗಿಯೋದು ಇಬ್ರಿಗೂ ಇದ್ದದ್ದೇ, ಕೆಲವು ತಿಂಗಳು ಕಳೆದ್ರೆ ಇಬ್ರ ಮಂಡಿಗೂ ದೊಡ್ಡ ವ್ಯತ್ಯಾಸ ಉಳಿಯಲ್ಲ.

ಹೋದ ವರ್ಷ ಆರರ ಪ್ಯಾಕೇಜ್ ಶುರು ಮಾಡಿದ್ದು ನಾವೇ, ತಪ್ಪು ನಮ್ದೇ. ಒಬ್ರು ಅಮ್ಮ ಮೊದಲ ವಾರದಲ್ಲೇ ವಾಕರ್ ಹಿಡ್ದು ಗ್ಯಾಲರಿ ತನಕ ನಡೆದ್ರು, ಮನೆಯವ್ರಿಗೂ ಖುಷಿ ನಮಗೂ ಖುಷಿ, ಆರಕ್ಕೆ ನಿಲ್ಲಿಸಿದ್ವಿ. ಎರಡು ತಿಂಗಳಿಗೆ ನೋಡಿದ್ರೆ 70 ಡಿಗ್ರಿ ಮೇಲೆ ಮಡಚ್ತಿಲ್ಲ, ಮನೆ ಲಿಫ್ಟ್ ಇಲ್ಲದ ಮೂರನೇ ಮಾಳಿಗೇಲಿ. ಮತ್ತೆ ಆಸ್ಪತ್ರೆಗೆ ಹೋಗಿ ಅರಿವಳಿಕೆ ಕೊಟ್ಟು ಮಡಚಿಸ್ಬೇಕಾಯ್ತು. ಅವ್ರ ಮನೆಗೆ ಹೋಗಿ ಕ್ಷಮೆ ಕೇಳಿದ್ವಿ, ಇಲ್ಲೂ ಕೇಳ್ತಿದೀವಿ.

ಇನ್ನು ದುಡ್ಡಿನ ಮಾತು. 2017ರಲ್ಲಿ ಸರ್ಕಾರ ರೇಟ್ ಇಳಿಸ್ತಲ್ಲ, ನೀವ್ಯಾಕೆ ಏರಿಸ್ತೀರಿ ಅಂತಾರೆ. ಆಗ ಮಿತಿ ಹಾಕಿದ್ದು ಇಂಪ್ಲಾಂಟಿನ ಬೆಲೆಗೆ ಮಾತ್ರ. ಅದ್ರಲ್ಲಿ ನಮಗೆ ಒಂದು ಪೈಸೆ ಬಂದಿದ್ದೂ ಇಲ್ಲ, ಹೋಗಿದ್ದೂ ಇಲ್ಲ. ನಮ್ಮ ಹುಡ್ಗೀರು ಡೊಂಬಿವಲಿಯಿಂದ ಠಾಣೆ, ಮುಲುಂಡ್ ತನಕ ಆ ಮುಂಬೈ ಗರ್ದಿ ಲೋಕಲ್ ರೈಲಲ್ಲಿ ನಿಂತ್ಕೊಂಡು ಬಂದು, ಇಳಿದು ರಿಕ್ಷಾ ಹಿಡ್ದು, ಮಾಳಿಗೆ ಹತ್ತಿ ಮುಕ್ಕಾಲು ಗಂಟೆ ಕೂತು ಮಾಡಿಸ್ತಾರೆ, ದಿನಕ್ಕೆ ಐದು ಮನೆ ಮುಗಿಸೋದೇ ಕಷ್ಟ. ಏರಿಸಿದ ನೂರು ರೂಪಾಯಿ ಪೂರ್ತಿ ಅವ್ರಿಗೇ ಹೋಗತ್ತೆ. ಲೂಟಿ ಅಂತ ಯಾರೋ ಬರೆದಿದ್ರು, ಅದು ಮನಸ್ಸಿಗೆ ತುಂಬ ನೋವಾಯ್ತು.

ಎಂಟನೇ ವಿಸಿಟಿಗೇ ಕಾಲು ಪೂರ್ತಿ ನೆಟ್ಟಗಾಗಿ 110 ಡಿಗ್ರಿ ಮಡಚಿದ್ರೆ, ನಿಮ್ಮ ಡಾಕ್ಟ್ರೂ ಸಾಕು ಅಂದ್ರೆ, ಉಳಿದ ನಾಲ್ಕರ ದುಡ್ಡು ನಾವಾಗೇ ವಾಪಸ್ ಕೊಡ್ತೀವಿ, ನೀವು ಕೇಳೋದೂ ಬೇಡ.

ನಿಮ್ಮ ಡೊಂಬಿವಲಿ ಫಿಸಿಯೋದವ್ರು