ಊಟದ ಡಬ್ಬಿಯಲ್ಲಿ ಬಂದ ಹಕ್ಕಿಮರಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಎರಡನೇ ತರಗತಿಯ ಹುಡುಗಿಯೊಬ್ಬಳು ಊಟದ ಡಬ್ಬಿಯನ್ನು ಎದೆಗವಚಿಕೊಂಡು ನನ್ನ ಕೋಣೆಗೆ ಬಂದಳು. ಮುಚ್ಚಳ ತೆಗೆದರೆ ಒಳಗೆ ಹತ್ತಿ, ಹತ್ತಿಯ ಮೇಲೊಂದು ಹಕ್ಕಿಮರಿ. ಮೈತುಂಬ ಪುಕ್ಕ, ಮೋಟು ಬಾಲ, ಕೊಕ್ಕಿನ ಅಂಚಿನಲ್ಲಿ ಇನ್ನೂ ಮಾಸದ ಹಳದಿ. ಶಾಲೆಯ ಬೇಲಿಯ ಬಳಿ ಸಿಕ್ಕಿತಂತೆ. "ಇದಕ್ಕೆ ಅಮ್ಮ ಇಲ್ಲ ಮಿಸ್, ಪುಸ್ತಕದಲ್ಲಿದ್ದ ಹಾಗೇ ಮಾಡಿದೆ" ಎಂದಳು.

ಯಾವ ಪುಸ್ತಕವೆಂದು ನನಗೆ ತಕ್ಷಣ ಗೊತ್ತಾಯಿತು. ನಮ್ಮ ಗ್ರಂಥಾಲಯಕ್ಕೆ ಅದನ್ನು ಆರಿಸಿದವಳೂ ನಾನೇ, ಮಕ್ಕಳಿಗೆ ಓದಿ ಹೇಳಿದವಳೂ ನಾನೇ. ಕಥೆಯ ಹುಡುಗ ನೆಲದಲ್ಲಿ ಸಿಕ್ಕ ಮರಿಯನ್ನು ಮನೆಗೆ ತಂದು ಸಾಕುತ್ತಾನೆ, ಕೊನೆಯ ಪುಟದಲ್ಲಿ ಆಕಾಶಕ್ಕೆ ಬಿಡುತ್ತಾನೆ. ಚಿತ್ರಗಳು ತುಂಬ ಚೆನ್ನಾಗಿವೆ. ತಪ್ಪಿರುವುದು ಮೊದಲ ಪುಟದಲ್ಲೇ. ಅಷ್ಟು ಸಲ ಓದಿದರೂ ನನಗದು ಹೊಳೆದಿರಲಿಲ್ಲ.

ಪುಕ್ಕ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಸಾಮಾನ್ಯವಾಗಿ ಅದು ಅನಾಥವಲ್ಲ, ಗೂಡು ಬಿಟ್ಟು ಹಾರಲು ಕಲಿಯುತ್ತಿರುತ್ತದೆ. ತಂದೆತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತಿರುತ್ತವೆ. ನಾವು ಮರಿಯ ಪಕ್ಕದಲ್ಲೇ ನಿಂತು ಮರುಗುತ್ತಿದ್ದರೆ ಅವು ಬರುವುದಾದರೂ ಹೇಗೆ? ಬೆಕ್ಕಿನ ಭಯವಿದ್ದರೆ ಮರಿಯನ್ನೆತ್ತಿ ಪಕ್ಕದ ಪೊದೆಯಲ್ಲಿಟ್ಟು ದೂರ ಸರಿದರೆ ಸಾಕು. ಪುಕ್ಕವೇ ಬಾರದ, ಕಣ್ಣು ತೆರೆಯದ ಮರಿಯ ಮಾತು ಬೇರೆ. ಗೂಡು ಕೈಗೆಟುಕಿದರೆ ಅದನ್ನು ಮತ್ತೆ ಗೂಡಿಗೇ ಸೇರಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. (ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದರು, ನಾನೂ ಬಹಳ ವರ್ಷ ನಂಬಿದ್ದೆ.)

ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲಿರುವ ಸದ್ದಿಲ್ಲದ ಜಾಗದಲ್ಲಿ ಬಿಟ್ಟು, ವನ್ಯಜೀವಿ ರಕ್ಷಣೆಯವರಿಗೋ ಪಶುವೈದ್ಯರಿಗೋ ತಿಳಿಸಿ. ಬಾಯಿಗೆ ನೀರು ಮಾತ್ರ ಹನಿಸಬೇಡಿ. ಹಕ್ಕಿಗಳ ಶ್ವಾಸನಾಳ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುವುದರಿಂದ ನೀರು ಸೀದಾ ಶ್ವಾಸಕೋಶಕ್ಕೆ ಹೋಗಬಹುದು.

ನಾವಿಬ್ಬರೂ ಮರಿಯನ್ನು ಬೇಲಿಯ ಪೊದೆಗೆ ಬಿಟ್ಟು, ಒಳಗೆ ಬಂದು ಕಿಟಕಿಯ ಹಿಂದೆ ಕೂತೆವು. ಹುಡುಗಿ ನನ್ನ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಒಂದು ಪೀರಿಯಡ್ ಮುಗಿಯುವ ಹೊತ್ತಿಗೆ ದೊಡ್ಡ ಹಕ್ಕಿಯೊಂದು ಬಂತು. ಕೊಕ್ಕಿನಲ್ಲಿ ಹಸಿರು ಹುಳು ಇನ್ನೂ ಒದ್ದಾಡುತ್ತಿತ್ತು. "ಕಾಳು ತಂದಿಲ್ಲ!" ಎಂದಳು ಹುಡುಗಿ. ಅದೂ ಆ ಪುಸ್ತಕದ್ದೇ ಪಾಠ. ಕಾಳು ತಿನ್ನುವ ಎಷ್ಟೋ ಹಕ್ಕಿಗಳು ಮರಿಗಳಿಗೆ ಮಾತ್ರ ಹುಳುಹುಪ್ಪಟೆ ತಿನ್ನಿಸುತ್ತವೆ.

ಆ ಪುಸ್ತಕವನ್ನು ನಾವು ಕಪಾಟಿನಿಂದ ತೆಗೆಯುತ್ತಿಲ್ಲ. ನೀವೂ ಓದಿಸಿ. ನಾವು ಅಕ್ಷರ ಓದುವಾಗ ಮಗುವಿನ ಕಣ್ಣು ಚಿತ್ರದ ಮೂಲೆಮೂಲೆ ಹುಡುಕುತ್ತಿರುತ್ತದೆ, ಹಾಗಾಗಿ ಪುಟ ತಿರುಗಿಸಲು ಅವಸರ ಬೇಡ. ಮರಿ ಸಿಗುವ ಪುಟದಲ್ಲಿ "ಇದರ ಅಮ್ಮ ಎಲ್ಲಿರಬಹುದು?" ಎಂದು ಕೇಳಿ, ಸುಮ್ಮನಿರಿ. ಉತ್ತರ ಅವರೇ ಹೇಳಲಿ.

ಹಕ್ಕಿಗಳಿಗೆ ಮನೆಯಲ್ಲೇ ಏನಾದರೂ ಮಾಡಬೇಕೆಂದು ಮಕ್ಕಳು ಹಟ ಹಿಡಿದರೆ, ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ. ದಿನವೂ ತೊಳೆದು ನೀರು ಬದಲಿಸುವ ಕೆಲಸ ಮಗುವಿನದೇ ಆಗಿರಲಿ.

ಈ ಶುಕ್ರವಾರ ಪ್ರತಿ ಮಗುವೂ ಒಂದು ಚಿತ್ರಪುಸ್ತಕ ಮನೆಗೆ ತರುತ್ತದೆ, ಮುಂದಿನ ಶುಕ್ರವಾರ ಹಿಂತಿರುಗಿಸಬೇಕು. ಪುಟ ಹರಿದರೆ ಬೈಯಬೇಡಿ, ಟೇಪ್ ಹಚ್ಚಲೂ ಬೇಡಿ. ಹಾಗೇ ಕಳುಹಿಸಿ, ಇಲ್ಲಿ ಅಂಟಿಸಿಕೊಳ್ಳುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯಿನಿ